ರೊಟ್ಟಿ ಸೊನ್ನೆ, ಹೋಳಿಗೆ ಎಂಟು

ಎರಡೇ ಗೆರೆಗಳಲ್ಲಿ ಸಂಸಾರದ ಸತ್ಯ ಹಿಡಿದು ತೋರಿಸಬಲ್ಲ ಮಾನ್ಯ ತರಬೇತಿ ಅಧಿಕಾರಿಗಳೇ,

ಐರಣಿಯ ನಾಗಲಕ್ಷ್ಮಿಯ ಸವಿನಯ ನಮಸ್ಕಾರಗಳು. ರಾಣೆಬೆನ್ನೂರಿನ ಶಿಬಿರದಲ್ಲಿ ತಾವು, ಇದ್ದ ಮಿತಿಯೊಳಗೇ ಹೆಚ್ಚಿನ ಲಾಭ ಹುಡುಕುವ ಲೀನಿಯರ್ ಪ್ರೋಗ್ರಾಮಿಂಗ್ ಕಲಿಸುತ್ತ, ಉದಾಹರಣೆಗೆಂದು ನಮ್ಮ ಒಲೆಯನ್ನೇ ಆರಿಸಿಕೊಂಡ ಉಪಕಾರವನ್ನು ಮರೆಯಲು ನಾವು ಸಾಕಷ್ಟು ಪ್ರಯತ್ನಿಸಿದ್ದೇವೆ.

ನಾನು ಮತ್ತು ನೆರೆಮನೆಯ ಎಪ್ಪತ್ತರ ಮುದುಕವ್ವ, ಇಬ್ಬರೇ ಸೇರಿ ಖಡಕ್ ರೊಟ್ಟಿ, ಶೇಂಗಾ ಹೋಳಿಗೆ ಮಾಡಿ ಪೇಟೆಗೆ ಕಳಿಸುವವರು. ತಾವು ಒಂದು ಸಲಕ್ಕೆ ಮಾಡುವಷ್ಟನ್ನು ಒಂದು ಪಾಳಿ ಎಂದು ಹಿಡಿದು, ದಿನದ ರೊಟ್ಟಿಯ ಪಾಳಿಗಳಿಗೆ ಎಕ್ಸ್, ಹೋಳಿಗೆಯ ಪಾಳಿಗಳಿಗೆ ವೈ ಎಂದು ನಾಮಕರಣ ಮಾಡಿದಿರಿ. ಒಂದು ಪಾಳಿ ರೊಟ್ಟಿಗೆ ಒಲೆ ಎರಡು ತಾಸು ಬೇಕು, ಹೋಳಿಗೆಗೆ ಒಂದು. ಎರಡು ಒಲೆ ಸೇರಿ ದಿನಕ್ಕೆ ಹನ್ನೆರಡು ತಾಸು. ಕೈಗೆಲಸ ಯಾವುದಕ್ಕಾದರೂ ಒಂದೇ ತಾಸು. ನಮ್ಮಿಬ್ಬರದು ತಲಾ ನಾಲ್ಕರಂತೆ ಎಂಟು. ಪಾಳಿಯೊಂದರ ಲಾಭ ರೊಟ್ಟಿಗೆ ಮುನ್ನೂರು, ಹೋಳಿಗೆಗೆ ನಾನೂರು. ತಾವು ಒಲೆಗೊಂದು, ಕೈಗೆಲಸಕ್ಕೊಂದು ಎಂದು ಎರಡು ಗೆರೆ ಎಳೆದು, ಅವೆರಡಕ್ಕೂ ಒಳಗಿರುವ ಜಾಗಕ್ಕೆ ಬಣ್ಣ ಬಳಿದು, ಹೆಚ್ಚಿನ ಲಾಭ ಅದರ ಮೂಲೆಯಲ್ಲೇ ಸಿಗುತ್ತದೆಂದು ಒಂದೊಂದೇ ಮೂಲೆ ತಡಕಿ, ರೊಟ್ಟಿ ಸೊನ್ನೆ, ಹೋಳಿಗೆ ಎಂಟು, ಲಾಭ ಮೂರು ಸಾವಿರದ ಇನ್ನೂರು ಎಂದು ಘೋಷಿಸಿದಾಗ ಮೊದಲು ಚಪ್ಪಾಳೆ ತಟ್ಟಿದವಳು ನಾನೇ.

ಐವತ್ತು ವರ್ಷ ರೊಟ್ಟಿ ಬಡಿದ ಮುದುಕವ್ವ ತಟ್ಟಲಿಲ್ಲ. "ಸೊನ್ನಿ ಅಂದ್ರ ನಾ ಇಲ್ಲ ಅಂತ ಆತಲ್ಲೇನ್ರಿ ಸಾಹೇಬ್ರ?" ಎಂದು ಕೇಳಿದಳು. ಇದು ಗಣಿತ, ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ತಾವು ನಕ್ಕಿರಿ.

ಮರುದಿನವೇ ಆಕೆ ಗಳಗನಾಥದ ಮಗಳ ಮನೆಗೆ ಹೊರಟುಹೋದಳು, ತನ್ನ ನಾಲ್ಕು ತಾಸುಗಳ ಸಮೇತ. ತಮ್ಮ ಕೈಗೆಲಸದ ಗೆರೆ ಎಂಟರಿಂದ ನಾಲ್ಕಕ್ಕೆ ಇಳಿಯಿತು. ಹೋಳಿಗೆ ನಾಲ್ಕು, ಲಾಭ ಸಾವಿರದ ಆರುನೂರು. ಆಗಲೂ ತಮ್ಮ ಸೂತ್ರ ಎಳ್ಳಷ್ಟೂ ತಪ್ಪಲಿಲ್ಲವೆಂಬುದನ್ನು ಅಭಿಮಾನದಿಂದ ತಿಳಿಸುತ್ತೇನೆ.

ಹತ್ತನೆಯ ದಿನ ನಾನೇ ಗಳಗನಾಥಕ್ಕೆ ಹೋದೆ. ಆಕೆ ಮುಖ ತಿರುಗಿಸಿಯೇ ಕುಳಿತಿದ್ದಳು.

"ಚಪ್ಪಾಳಿ ಬಡದಾಕಿ ನೀನ ಅಲ್ಲೇನು?"

"ನಾನ, ಯವ್ವಾ. ತಪ್ಪಾತು. ನೀ ಇಲ್ಲದ ಮನಿ ಭಣಭಣ ಅನ್ನಾಕತ್ತೈತಿ."

ಆಕೆ ಮುಖ ಇತ್ತ ತಿರುಗಿಸಿ, "ದಿನಾ ಮೂರು ಪಾಳಿ ರೊಟ್ಟಿ ಇರಬೇಕು. ಹಂಗಿದ್ರ ಬರ್ತೇನಿ" ಎಂದಳು.

ಇಬ್ಬರೂ ಮರಳುವ ಬಸ್ಸಿನಲ್ಲೇ ತಾವು ಗೆರೆ ಎಳೆದುಕೊಟ್ಟ ಹಾಳೆ ಬಿಚ್ಚಿ, ಎಕ್ಸ್ ಮೂರಕ್ಕಿಂತ ಕಡಿಮೆಯಾಗಬಾರದೆಂದು ಮೂರನೆಯ ಗೆರೆ ಎಳೆದೆ. ಹೊಸ ಮೂಲೆಯಲ್ಲಿ ರೊಟ್ಟಿ ಮೂರು, ಹೋಳಿಗೆ ಐದು, ಲಾಭ ಎರಡು ಸಾವಿರದ ಒಂಬೈನೂರು. ತಮ್ಮ ಉತ್ತರಕ್ಕಿಂತ ಮುನ್ನೂರು ಕಡಿಮೆ. ಆ ಉತ್ತರದಿಂದ ನಮಗೆ ಸಿಕ್ಕಿದ್ದಕ್ಕಿಂತ ಸಾವಿರದ ಮುನ್ನೂರು ಹೆಚ್ಚು. ಪಕ್ಕದಲ್ಲಿ ಕುಳಿತಿದ್ದ ಮುದುಕವ್ವ ಆ ಗೆರೆಯ ಮೇಲೆ ಬೆರಳಾಡಿಸಿ, "ಇದು ನಂದೇನು?" ಎಂದಳು. ಹೌದೆಂದೆ.

ಆದ್ದರಿಂದ ಮುಂದಿನ ಶಿಬಿರದಲ್ಲಿ ಮುನಿಸಿಗೂ ಒಂದು ಅಕ್ಷ ಒದಗಿಸಬೇಕಾಗಿ ಪ್ರಾರ್ಥನೆ. ಎರಡಕ್ಕಿಂತ ಹೆಚ್ಚು ಅಕ್ಷಗಳಿಗೆ ಮಂಜೂರಾತಿ ಇಲ್ಲದಿದ್ದರೆ ಹಾಳೆಯ ಹಿಂಬದಿಯಾದರೂ ಆದೀತು.

ಮೇಲ್ಕಂಡ ಎಲ್ಲ ಮಿತಿಗಳಿಗೆ ಒಳಪಟ್ಟು,
ತಮ್ಮ ವಿಶ್ವಾಸಿ,
ನಾಗಲಕ್ಷ್ಮಿ, ಐರಣಿ

ತಾ.ಕ.: ತಮ್ಮ ಶಿಬಿರದ ಉಪನ್ಯಾಸಕ್ಕೆ ಎಕ್ಸ್, ಚಹಾಕ್ಕೆ ವೈ ಎಂದಿಟ್ಟುಕೊಂಡು, ಬಂದವರಿಗೆ ಹೆಚ್ಚು ಉಪಯೋಗವಾಗುವ ಮೂಲೆ ಯಾವುದೆಂದು ಮುದುಕವ್ವ ನನ್ನಿಂದ ಲೆಕ್ಕ ಮಾಡಿಸಿದ್ದಾಳೆ. ತಮ್ಮ ಮೇಲಿನ ಗೌರವದಿಂದ ಉತ್ತರವನ್ನು ಇಲ್ಲಿ ಬರೆದಿಲ್ಲ.