ಮಡಚುವ ಮನೆಗೆ ಇಬ್ಬರೇ

ನಿಯಮ ಇಷ್ಟೇ: ಒಳಗೆ ಒಂದು ಸಲಕ್ಕೆ ಇಬ್ಬರಿಗಿಂತ ಹೆಚ್ಚು ಜನ ಇರಕೂಡದು. ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ನಾನೇ ಬರೆದೆ. ಮೊದಲು ಇಂಗ್ಲಿಷಿನಲ್ಲಿ ಬರೆದಿದ್ದೆ. "ಅದನ್ನ ಓದೋಕೆ ನೀವು ಓದಿದ ಕಾನ್ವೆಂಟಿನ ಸಿಸ್ಟರೇ ಬರಬೇಕು" ಎಂದಳು ಹೆಂಡತಿ. ಕೆಳಗೆ ಕನ್ನಡದಲ್ಲೂ ಬರೆದೆ. ಜನ ಅದನ್ನು ಎರಡು ಭಾಷೆಯಲ್ಲೂ ಮುರಿದರು. ನಿಯಮ ಬರೆದು ಹಾಕಿದ ಕಡೆಗೇ ನಮ್ಮವರು ಸೇರುವುದು ಇಂದು ನಿನ್ನೆಯದಲ್ಲ.

ನಿಯಮಕ್ಕೆ ಕಾರಣವಿತ್ತು. ಪಾಲಿಟೆಕ್ನಿಕ್ ಒಂದರಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತನಾದ ಮೇಲೆ, ಮದ್ದೂರಿನಲ್ಲಿ ಎಳನೀರು ಸಾಗಿಸುತ್ತಿದ್ದ ಹಳೇ ಪಿಕಪ್ ಗಾಡಿಯೊಂದನ್ನು ಕೊಂಡು, ಅದರ ಬೆನ್ನ ಮೇಲೆ ಕೂರುವ ಮನೆಯೊಂದನ್ನು ನಾನೇ ಗೆರೆ ಎಳೆದು ಮಾಡಿಸಿದೆ. ಬಟ್ಟೆಯ ಟೆಂಟಲ್ಲ, ಗಟ್ಟಿ ಪ್ಲೈವುಡ್ ಗೋಡೆ. ಓಡುವಾಗ ಗೋಡೆಗಳು ಒಂದರ ಮೇಲೊಂದು ಮಡಚಿ ಮಲಗುತ್ತವೆ, ಮೇಲೆ ಚಾವಣಿ ಮುಚ್ಚಿಕೊಳ್ಳುತ್ತದೆ. ನಿಲ್ಲಿಸಿ ಚಾವಣಿ ಎತ್ತಿದರೆ ಗೋಡೆಗಳು ಎದ್ದು ನಿಲ್ಲುತ್ತವೆ. ಗಾಡಿಯ ಹಿಂದಿನ ಡೋರನ್ನು ಇಳಿಸಿದರೆ ಅದೇ ಕೋಣೆಯ ಅರ್ಧ ನೆಲ. ಆ ಅರ್ಧ ನೆಲವನ್ನು ಹಿಡಿದಿರುವುದು ಎರಡು ಚೈನು ಮಾತ್ರ. ಲೆಕ್ಕ ಹಾಕಿಯೇ ಇಬ್ಬರು ಅಂದದ್ದು: ನಾನು, ನನ್ನ ಹೆಂಡತಿ. ಮುತ್ತತ್ತಿಯಲ್ಲಿ ಹೊಳೆ ಸದ್ದು ಕೇಳುತ್ತ ಒಂದು ರಾತ್ರಿ ಇಬ್ಬರೂ ಮಲಗಬೇಕೆಂಬುದು ನನ್ನ ಆಸೆ. ಅವಳದು ಒಂದೇ ಷರತ್ತು: "ಹಾಲುಕ್ಕಿಸದ ಮನೇಲಿ ನಾನು ಮಲಗಲ್ಲ."

ಭಾಯಿಯ ಪರೀಕ್ಷೆ

ಮಂಡ್ಯದ ಗ್ರಿಲ್ ಅಂಗಡಿಯ ಭಾಯಿ ಡ್ರಾಯಿಂಗನ್ನು ತಿರುಗಿಸಿ ತಿರುಗಿಸಿ ನೋಡಿದ.

"ಏನ್ ಯಾಪಾರ ಸಾರ್?"

"ವ್ಯಾಪಾರ ಅಲ್ಲ, ಮಲಗೋಕೆ."

"ಅದೇ ಸಾರ್, ಯಾಪಾರ ಮುಗಿದ್ಮೇಲೆ ಮಲಗೋಕೆ."

ಕೆಲಸ ಮುಗಿದಾಗ ಹೋಗಿ ನೋಡುತ್ತೇನೆ, ಕಿಟಕಿಯ ಹೊರಗೆ ಒಂದು ಕಟ್ಟೆ ಚಾಚಿಕೊಂಡಿದೆ.

"ಇದು ಡ್ರಾಯಿಂಗ್‌ನಲ್ಲಿ ಇಲ್ಲವಲ್ಲ?"

"ನೀವು ಮರ್ತಿದ್ರಿ ಸಾರ್. ಗಿರಾಕಿ ಪ್ಲೇಟ್ ಎಲ್ಲಿಡ್ತಾನೆ?"

ಕಟ್ಟೆಯ ಜಗಳವನ್ನು ಅಲ್ಲಿಗೇ ಬಿಟ್ಟು ಚೈನು ನೋಡಿದೆ. ಒಂದು ಕೊಂಡಿ ಆಗಲೇ ಬಾಯಿ ಬಿಟ್ಟಿತ್ತು. ಏನು ಮಾಡಿದಿರಿ ಎಂದೆ.

"ಟೆಸ್ಟಿಂಗ್ ಸಾರ್. ಅಂಗಡಿಯವರೆಲ್ಲ ಹತ್ತಿ ಕುಣಿದ್ವಿ."

"ಡ್ರಾಯಿಂಗ್‌ನಲ್ಲೇ ಇಬ್ಬರು ಅಂತ ಬರೆದಿದ್ದೀನಲ್ಲ?"

"ಇಬ್ಬಿಬ್ಬರಾಗೇ ಹತ್ತಿದ್ದು ಸಾರ್. ಮೊದಲು ಹತ್ತಿದವರು ಇಳೀಲಿಲ್ಲ, ಅಷ್ಟೆ."

ಬೆಳಕವಾಡಿಯ ರೋಗಿಗಳು

ಚೈನು ಬದಲಾಯಿಸಿಕೊಂಡು, ಒಂದು ಸಲ ಬಿಚ್ಚಿ ನೋಡೋಣವೆಂದು ಒಬ್ಬನೇ ಮಳವಳ್ಳಿ ಕಡೆ ಹೊರಟೆ. ಬೆಳಕವಾಡಿಯ ಹತ್ತಿರ ಮರದ ನೆರಳಲ್ಲಿ ಗಾಡಿ ನಿಲ್ಲಿಸಿ, ಮನೆ ಬಿಚ್ಚಿ, ನೆಲ ಸಮ ಇದೆಯೋ ಎಂದು ರಸಮಟ್ಟ ಹಿಡಿದು ಸುತ್ತ ನೋಡಿ ಬರುವಷ್ಟರಲ್ಲಿ, ನನ್ನ ಮಂಚದ ಮೇಲೆ ಒಬ್ಬ ಅಜ್ಜಿ ಮಲಗಿದ್ದಾಳೆ. ನೆಲದ ಮೇಲೆ ಇನ್ನಿಬ್ಬರು ಹೆಂಗಸರು ಕಾಲು ಚಾಚಿ ಕೂತಿದ್ದಾರೆ.

"ಬಾಪ್ಪ ಡಾಕ್ಟ್ರೇ, ಮಂಡಿ ಇಡ್ಕಂಡದೆ" ಎಂದಳು ಅಜ್ಜಿ.

"ನಾನು ಡಾಕ್ಟರಲ್ಲ. ಮೊದಲು ಕೆಳಗಿಳೀರಿ. ಬಾಗಿಲ ಮೇಲೆ ಬರೆದಿರೋದು ಕಾಣಲ್ವಾ?"

"ಕಣ್ ನೋಡೋ ವ್ಯಾನ್ನೋರೂ ಇಂಗೇ ಬೈತಾರೆ" ಎಂದು ಅಜ್ಜಿ ಪಕ್ಕದವಳಿಗೆ ಧೈರ್ಯ ಹೇಳಿದಳು. "ಡಾಕ್ಟ್ರೇ ಕಣಮ್ಮ."

"ಇದು ನನ್ನ ಮನೆ. ಮಲಗೋಕೆ ಮಾಡಿಸಿಕೊಂಡಿದ್ದೀನಿ."

"ಊರಲ್ಲಿ ಮನೆ ಇಲ್ವಾ?"

"ಇದೆ."

"ಎಡ್ತಿ?"

"ಇದ್ದಾಳೆ. ಆ ಮನೇಲಿ."

ಮೂವರೂ ಮುಖ ಮುಖ ನೋಡಿಕೊಂಡರು. ಇಳಿದು ಹೋದರು. ಮಂಡಿ ಹಿಡಿದುಕೊಂಡಿದ್ದ ಅಜ್ಜಿಯೇ ಮೊದಲು ಇಳಿದದ್ದು.

ಸ್ವಲ್ಪ ಹೊತ್ತಿಗೆ ಅವಳೊಬ್ಬಳೇ ತಿರುಗಿ ಬಂದಳು. ಕೈಯಲ್ಲಿ ಮುದ್ದೆ, ಉಪ್ಸಾರು. ತಟ್ಟೆಯನ್ನು ಭಾಯಿ ಮಾಡಿದ ಕಟ್ಟೆಯ ಮೇಲೆ ಇಟ್ಟಳು.

"ಉಣ್ಣಪ್ಪ. ಒಂದೊಂದ್ ಸಲ ಇಂಗಾಯ್ತದೆ. ಒತ್ತಾರೆ ಓಗಿ ತಪ್ಪಾಯ್ತು ಅನ್ನು. ಒಳಿಕ್ಕೆ ಬುಟ್ಕತಾಳೆ."

ಎರಡು ಪೂಜೆ

ನಮ್ಮ ಬೀದಿಯ ಪುರೋಹಿತರನ್ನು ಕರೆದು ತೋರಿಸಿದೆ. ಮುಂದಿನಿಂದ ಒಂದು ಸಲ, ಹಿಂದಿನಿಂದ ಒಂದು ಸಲ ನೋಡಿದರು.

"ಇದಕ್ಕೆ ವಾಹನ ಪೂಜೆಯೋ, ಗೃಹಪ್ರವೇಶವೋ?"

"ಶಾಸ್ತ್ರ ಏನು ಹೇಳುತ್ತೆ?"

"ಶಾಸ್ತ್ರ ಬರೆದವರು ನಿಮ್ಮ ಮನೆ ನೋಡಿರಲಿಲ್ಲ. ಎರಡೂ ಮಾಡಿಬಿಡೋಣ."

ಚಕ್ರಗಳಿಗೆ ನಿಂಬೆಹಣ್ಣು ಇಟ್ಟರು, ಬಾಗಿಲಿಗೆ ತೋರಣ ಕಟ್ಟಿಸಿದರು. ಆಮೇಲೆ ಕೇಳಿದರು: "ಬಾಗಿಲು ಯಾವ ದಿಕ್ಕಿಗೆ?"

"ಗಾಡಿ ನಿಲ್ಲಿಸಿದ ದಿಕ್ಕಿಗೆ."

"ಪೂರ್ವಕ್ಕೆ ಮಾಡಿ."

ನಮ್ಮ ಬೀದಿಯ ಅಗಲದಲ್ಲಿ ಗಾಡಿಯನ್ನು ಮುಂದೆ ಹಿಂದೆ, ಮುಂದೆ ಹಿಂದೆ ಆಡಿಸಿ ಬಾಗಿಲನ್ನು ಪೂರ್ವಕ್ಕೆ ತರುವಷ್ಟರಲ್ಲಿ ನಾಲ್ಕೂ ನಿಂಬೆಹಣ್ಣು ಚಟ್ ಎಂದಿದ್ದವು. ಪುರೋಹಿತರು ಕೈ ಮುಗಿದರು.

"ವಾಹನ ಪೂಜೆ ಮುಗೀತು. ಇನ್ನು ಮನೆಯೊಂದೇ ಬಾಕಿ."

ಪ್ರವೇಶ

ಮೆಟ್ಟಿಲ ಬದಲು, ಚೈನು ಹಿಡಿದಿದ್ದ ಅರ್ಧ ನೆಲಕ್ಕೆ ಒಂದು ಹಲಗೆ ಆನಿಸಿ ನಾನೂ ಹೆಂಡತಿಯೂ ಹತ್ತಿದೆವು. ಅಲ್ಲಿಗೆ ಇಬ್ಬರು. "ಮಂತ್ರ ಬೀದಿಯಿಂದ ಹೇಳಲೇ?" ಎಂದು ಪುರೋಹಿತರು ಹತ್ತಿದರು. "ನಾನೇನು ಹೊರಗಿನೋಳೇನೋ?" ಎಂದು ಮಳವಳ್ಳಿಯಿಂದ ಬಂದಿದ್ದ ನನ್ನ ಅಕ್ಕ ಹತ್ತಿದಳು. ಅವಳ ಹಿಂದೆ, ಅಭ್ಯಾಸದಂತೆ, ಭಾವ. ಊಟಕ್ಕೆ ಕರೆದಿದ್ದ ಭಾಯಿ, "ಚೈನು ತಡೀತಾ ನೋಡ್ತೀನಿ ಸಾರ್" ಎಂದು ಹತ್ತಿ, ಸರಿಯಾಗಿ ಚೈನಿನ ಪಕ್ಕದಲ್ಲೇ ನಿಂತ.

ಹಾಲು ಉಕ್ಕಿತು. ಇನ್ನು ಇಳೀರಿ ಎನ್ನಬೇಕು, ಅಷ್ಟರಲ್ಲಿ ಹಾಲಿನವಳು ತನ್ನ ಹಸುವನ್ನು ಹಿಡಿದುಕೊಂಡು ಹಲಗೆಯ ಬುಡಕ್ಕೆ ಬಂದಳು. ಬರಹೇಳಿದ್ದು ಅಕ್ಕ.

"ಹಸು ಬೇಡ. ನೆಲ ಕಿತ್ತು ಹೋಗುತ್ತೆ" ಎಂದೆ.

"ಹಸು ಕಾಲಿಡದ ಮನೇಲಿ ನಿನ್ನ ಹೆಂಡ್ತೀನ ಮಲಗಿಸ್ತೀಯೇನೋ?"

ಹೆಂಡತಿ ಹಾಲಿನ ಪಾತ್ರೆ ಕೆಳಗಿಟ್ಟಳು. "ಅತ್ತಿಗೆ ಹೇಳೋದೂ ಸರಿಯೇ."

ಹಸು ಬಂದರೆ ನೆಲ ಹೋಗುತ್ತದೆ, ಬರದಿದ್ದರೆ ಹೆಂಡತಿ ಬರುವುದಿಲ್ಲ. ಹೇಗೆ ನೋಡಿದರೂ ಮುತ್ತತ್ತಿ ಇಲ್ಲ.

"ಎಲ್ಲರೂ ಇಳೀರಿ" ಎಂದೆ.

"ಬಾಗಿಲಲ್ಲಿ ಹಸು ನಿಂತಿದೆ. ಎಲ್ಲಿಂದ ಇಳಿಯೋದು?" ಎಂದರು ಭಾವ.

ಪುರೋಹಿತರಿಗೆ ನನ್ನ ಮುಖ ನೋಡಿ ಕನಿಕರ ಬಂದಿರಬೇಕು. "ಪೂರ್ತಿ ಹತ್ತಬೇಕು ಅಂತೇನಿಲ್ಲ. ಹಲಗೆಯೂ ಮನೆಯದೇ. ಒಂದು ಕಾಲಿಟ್ಟರೂ ಪ್ರವೇಶವೇ."

"ಹಾಗಾದ್ರೆ ಸರಿ" ಎಂದಳು ಹೆಂಡತಿ.

ಹಾಲಿನವಳು ಹಸುವಿನ ಬೆನ್ನು ತಟ್ಟಿದಳು. "ಅತ್ತವ್ವ, ಅತ್ತು."

ಹಸು ಬಲ ಮುಂಗಾಲೆತ್ತಿ ಹಲಗೆಯ ಮೇಲಿಟ್ಟಿತು. ಚೈನು ಕಿರ್ ಎಂದಿತು.

"ನನ್ನ ವೆಲ್ಡಿಂಗ್ ಅಲ್ಲ ಸಾರ್ ಅದು, ಚೈನು" ಎಂದ ಭಾಯಿ.

"ಕಾಲಿಟ್ಟಾಯ್ತು" ಎಂದಳು ಹೆಂಡತಿ, ನನ್ನ ಕಡೆ ತಿರುಗಿ. "ನಾಳೆ ಬೆಳಿಗ್ಗೆ ಮುತ್ತತ್ತಿಗೆ ಹೊರಡೋಣ."

ಅಕ್ಕನಿಗೆ ಸಮಾಧಾನವಿಲ್ಲ. "ಇಷ್ಟು ಬಂದವಳು ಒಳಗೂ ಬಾರಮ್ಮ" ಎಂದು ಬಾಳೆಹಣ್ಣು ಚಾಚಿದಳು. ಹಾಲಿನವಳು ಹಿಂದಿನಿಂದ ನೂಕಿದಳು. ಒಳಗೆ ಆರು ಜನ ಉಸಿರು ಹಿಡಿದು ನಿಂತಿದ್ದೆವು.

ಹಸು ತಲೆಯೆತ್ತಿ ಬಾಗಿಲ ಮೇಲಿನ ಕೆಂಪು ಅಕ್ಷರದ ಕಡೆ ನೋಡಿತು. ಆಮೇಲೆ ನಮ್ಮನ್ನೆಲ್ಲ ಒಂದು ಸುತ್ತು ನೋಡಿತು. ಕತ್ತು ಚಾಚಿ ಬಾಳೆಹಣ್ಣನ್ನು ಬಾಯಿಗೆ ತೆಗೆದುಕೊಂಡಿತು, ಹಲಗೆಯ ಮೇಲಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಿತು, ನಾಲ್ಕೂ ಕಾಲನ್ನು ಬೀದಿಯಲ್ಲೇ ಊರಿ ನಿಂತು, ಹಣ್ಣನ್ನು ಹೊರಗಡೆಯೇ ತಿಂದಿತು.