ಚನ್ನವೀರನ ಸಮದೃಷ್ಟಿ

"ಪರೀಕ್ಷಕರು ಇವತ್ತು ಪೇಶಂಟ್ ವೇಷದಾಗ ಬರ್ತಾರಂತ್ರಿ" ಎಂದು ಶೈಲಶ್ರೀ ಬಾಗಿಲಲ್ಲಿ ತಲೆಹಾಕಿ ಹೇಳಿಹೋದದ್ದೇ ಚನ್ನವೀರನ ಗ್ರಹಚಾರಕ್ಕೆ ಮೂಲವಾಯಿತು.

ಪುಣೆಯ ಕೋಥರೂಡ ಬಡಾವಣೆಯ ಮನೋಚಿಕಿತ್ಸಾ ಕೇಂದ್ರವೊಂದರಲ್ಲಿ ಇಬ್ಬರೂ ಸಲಹೆಗಾರರು. ಬಣ್ಣ, ಜಾತಿ, ಭಾಷೆ ನೋಡದೆ ಚಿಕಿತ್ಸೆ ಕೊಡುವುದು ಹೇಗೆಂದು ಉಳಿದವರಿಗೆ ಕಲಿಸಲು ಅಲ್ಲಿಗೊಬ್ಬ ಮುಖ್ಯಸ್ಥ ಬೇಕಾಗಿದ್ದ; ಅವನನ್ನು ಆರಿಸುವುದೇ ಈ ಪರೀಕ್ಷಕರ ಕೆಲಸ. ಆ ಕುರ್ಚಿ ತನ್ನದೇ ಎಂದು ಚನ್ನವೀರ ಹೆಂಡತಿಗೆ ಆಗಲೇ ಹೇಳಿಬಿಟ್ಟಿದ್ದ. ಸಮಾನತೆಯ ಮೇಲೆ ಅವನಷ್ಟು ಉದ್ದ ಮಾತಾಡುವವರು ಪುಣೆಯಲ್ಲೇ ಇರಲಿಲ್ಲ. ಮುಖ ಬೆಳ್ಳಗಾಗುವ ಕ್ರೀಮು ಹಚ್ಚಿಕೊಳ್ಳುವಾಗ ಮಾತ್ರ ಸುಮ್ಮನಿರುತ್ತಿದ್ದ.

ಬೆಳಿಗ್ಗೆ ಇಬ್ಬರು ಬಂದರು. ಒಬ್ಬಾಕೆ ಇಸ್ತ್ರಿ ಸೀರೆಯ ಬೆಳ್ಳನೆಯ ಹೆಂಗಸು. ಇನ್ನೊಬ್ಬ ಕೊಂಢವಾ ಬಡಾವಣೆಯ ಕಟ್ಟಡ ಕೆಲಸದ ಕಡುಗಪ್ಪು ಆಳು, ಅಂಗಿಯ ತುಂಬ ಸಿಮೆಂಟು. ಚನ್ನವೀರ ಒಳಗೊಳಗೇ ನಕ್ಕ. ವೇಷ ಹಾಕಿದರೆ ಹೀಗೆ ಹಾಕಬೇಕು!

"ಬರ್ರಿ ಸರ್, ನನ್ನ ಕುರ್ಚಿ ಮ್ಯಾಲ ಕೂಡ್ರಿ!"

"ಬ್ಯಾಡ್ರಿ ಸಾಹೇಬ್ರ, ಸಿಮೆಂಟ್ ಹತ್ತತದ."

"ಹತ್ತಲಿ! ನಮ್ಮಲ್ಲಿ ಭೇದಭಾವ ಇಲ್ಲ!"

ಎಲ್ಲರಿಗೂ ಕಾಣಲೆಂದು ಬಾಗಿಲು ತೆರೆದಿಟ್ಟ. ತನ್ನ ಲೋಟದಲ್ಲೇ ಚಹಾ ಕೊಟ್ಟ. ಆಮೇಲೆ ವರ್ಣಭೇದ ಮನಸ್ಸಿಗೆ ಮಾಡುವ ಗಾಯದ ಕುರಿತು ಅವನ ಮಾತು ಬ್ರೇಕು ಹೋದ ರಿಕ್ಷಾದಂತೆ ಓಡಿತು. ಆ ಮನುಷ್ಯ ತುಟಿ ಅಲುಗಿಸಿದಾಗಲೆಲ್ಲ "ತಡೀರಿ ಸರ್, ಅಲ್ಲಿಗೇ ಬರ್ತೀನಿ" ಎಂದ. ಹೆಂಗಸು ಇಣುಕಿದರೆ, "ಬೆಳ್ಳಗ ಅದೀರಂತ ಮೊದಲ ಬಿಡಾಕ ಬರೂದಿಲ್ರಿ ಬಾಯಾರ" ಎಂದು ಗದರಿದ.

ಮಧ್ಯಾಹ್ನ ಶೈಲಶ್ರೀ ಬಂದವಳೇ ಆ ಹೆಂಗಸನ್ನು ಕಂಡು ಕೂಗಿದಳು: "ಅಯ್ಯ, ಶೀತಲ್ ಮೇಡಂ! ಪರೀಕ್ಷಕರನ್ನ ಹೊರಗ ಕೂಡಿಸೀರೇನ್ರಿ?"

ಚನ್ನವೀರ ದಡಬಡಿಸಿ ಎದ್ದು ಕೈಮುಗಿದ. ಆದರೆ ಶೀತಲ್ ಸಿಟ್ಟಾಗಲಿಲ್ಲ.

"ಇರ್ಲಿ, ಎಲ್ಲಾ ನೋಡೀನಿ. ಇವರಿಗೆ ಕುರ್ಚಿ ಕೊಟ್ರಿ, ಚಹಾ ಕೊಟ್ರಿ, ಭಾಳ ಚಲೋ ಆತು." ಚನ್ನವೀರನಿಗೆ ಹೋದ ಜೀವ ಬಂದಂತಾಯಿತು. "ಅಂದಂಗ ಇವರ ಹೆಸರೇನು? ತ್ರಾಸ ಏನದ?"

ಚನ್ನವೀರ ಫ್ಯಾನು ನೋಡಿದ.

"ಲಾಲಪ್ಪ ಅಂತ್ರಿ" ಎಂದು ಆತನೇ ಹೇಳಿದ. "ಸೈಟಿನಾಗ ಯಾರೂ ಹೆಸರು ಹಿಡಿದು ಕರಿಯಲ್ರಿ, 'ಕಾಲ್ಯಾ', ಅಂದ್ರ ಕರಿಯಾ, ಅಂತಾರ. ಅದೇ ತಲ್ಯಾಗ ತಿರುಗಿ ರಾತ್ರಿ ನಿದ್ದಿ ಬರಲ್ರಿ. ಅದನ್ನ ಹೇಳಬೇಕಂತ ಬಂದೀನಿ. ಸಾಹೇಬ್ರು ಕೇಳ್ಲೇ ಇಲ್ಲ."

ಮುಖ್ಯಸ್ಥರ ಕುರ್ಚಿ ಅಲ್ಲೇ ಶೈಲಶ್ರೀಗೆ ಹೋಯಿತು. ಚನ್ನವೀರನಿಗೆ ಕಲಿಯುವವರ ಮೊದಲ ಸಾಲಿನಲ್ಲಿ ಜಾಗ ಸಿಕ್ಕಿತು. ಅವನಿಗೆ ನಿಜಕ್ಕೂ ನಾಚಿಕೆಯಾಯಿತು. "ತಪ್ಪಾತು ಲಾಲಪ್ಪಾರ. ಈಗ ಹೇಳ್ರಿ, ನಾ ತುಟಿ ಪಿಟಕ್ ಅನ್ನೂದಿಲ್ಲ" ಎಂದ.

"ಬ್ಯಾಡ್ರಿ ಸಾಹೇಬ್ರ" ಎಂದು ಲಾಲಪ್ಪ ಕುರ್ಚಿಗೆ ಒರಗಿ ಕಣ್ಣುಮುಚ್ಚಿದ. "ಹೇಳೂದು ಆಮ್ಯಾಲ ಶೈಲಶ್ರೀ ಅಕ್ಕಾರಿಗಿ ಹೇಳ್ತೀನಿ. ನೀವು ಮಾತಾಡ್ರಿ. ಮುಂಜಾನಿಂದ ಎರಡು ಸಲ ಜೊಂಪು ಹತ್ತಿತ್ತು, ಅಲ್ಲಿಂದೇ ಮುಂದುವರಿಸ್ರಿ."