ಹಸುವಿನ ಚಿತ್ರದ ಡಬ್ಬಿ

ಅಜ್ಜಂಪುರದ ದರ್ಜಿ ಪಂಚಾಕ್ಷರಪ್ಪನ ಹೆಂಡತಿ ಮಲ್ಲಿಕಾಂಬ ತವರಿಗೆ ಹೋದದ್ದು ಬಜ್ಜಿಯ ದೆಸೆಯಿಂದ. ಅವಳು ಕರಿದದ್ದನ್ನು ಅವನು ಬಾಯಿ ಮುಚ್ಚಿಕೊಂಡು ತಿಂದಿದ್ದರೆ ಆಗಿತ್ತು. ನೆಂದ ಕಾಲರ್ ಕ್ಯಾನ್ವಾಸಿನ ಹಾಗಿದೆ ಎಂದುಬಿಟ್ಟ. ಮಲ್ಲಿಕಾಂಬ ವಾರಪತ್ರಿಕೆಯಿಂದ ಕತ್ತರಿಸಿದ್ದ ಚೀಟಿಯೊಂದನ್ನು ಅವನ ಹೊಲಿಗೆ ಯಂತ್ರದ ಮೇಲಿಟ್ಟಳು.

"ಇದ್ನ ನೀವೇ ಮಾಡಿ. ಭಾನುವಾರ ನಾಕು ಗಂಟೆ ಬಸ್ಸಿಗೆ ಬಂದು ತಿಂದ್ ನೋಡ್ತೀನಿ. ಸರಿಯಿದ್ರೆ ಉಳೀತೀನಿ, ಇಲ್ದಿದ್ರೆ ಅದೇ ಬಸ್ಸಿಗೆ ವಾಪಸ್" ಎಂದು ತರೀಕೆರೆಗೆ ಹೊರಟೇಹೋದಳು.

ಚೀಟಿಯಲ್ಲಿದ್ದದ್ದು ಗರಿಗರಿ ತರಕಾರಿ ಬಜ್ಜಿ. ಅದ್ದಿಕೊಳ್ಳಲು ಚೀಸಿನ ಕೆನೆ. ಭಾನುವಾರ ಬೆಳಿಗ್ಗೆ ಪಂಚಾಕ್ಷರಪ್ಪ ಕ್ಯಾರೆಟ್ಟನ್ನು ಟೇಪು ಹಿಡಿದು ಎರಡೆರಡು ಇಂಚಿಗೆ ಕತ್ತರಿಸಿದ. ಅಲ್ಲಿಗೆ ಅವನ ವಿದ್ಯೆ ಮುಗಿಯಿತು. ಚೀಸೆಂದರೇನು? ಬೀದಿಯಲ್ಲಿ ಒಬ್ಬ ಬೆಣ್ಣೆಯೆಂದ, ಇನ್ನೊಬ್ಬ ಡಾಲ್ಡಾ ಎಂದ. ಕೊನೆಗೆ, ತಿಳಿಯದ ವಿಷಯವೇ ಇಲ್ಲದ ಪಕ್ಕದ ಮನೆ ವಿಶಾಲಾಕ್ಷಮ್ಮ ತೀರ್ಪು ಕೊಟ್ಟಳು. ಹಾಲು ಗಟ್ಟಿಯಾದರೆ ಅದು ಗಿಣ್ಣು. ಪೇಟೆಯವರು ಅದನ್ನೇ ಚೀಸ್ ಅನ್ನುತ್ತಾರೆ.

ಅಷ್ಟರಲ್ಲಿ ತರೀಕೆರೆ ಬಸ್ಸಿನ ಕಂಡಕ್ಟರ್ ಒಂದು ಪೊಟ್ಟಣ ಕೊಟ್ಟುಹೋದ. ಬಿಚ್ಚಿದರೆ ತಗಡಿನ ಡಬ್ಬಿ. ಕಾಗದವಿಲ್ಲ, ಪತ್ರವಿಲ್ಲ; ಮೇಲೊಂದು ಹಸುವಿನ ಚಿತ್ರ, ಸುತ್ತಲೂ ಇಂಗ್ಲಿಷ್. ಪಂಚಾಕ್ಷರಪ್ಪನಿಗೆ ಟೇಪಿನ ಅಂಕಿಗಳಾಚೆಗೆ ಇಂಗ್ಲಿಷ್ ಬರದು.

"ನಿಮ್ಮ ಮಾವಂದು ದನದ ಔಷಧಿ ಅಂಗಡಿ ತಾನೆ? ಕೆಚ್ಚಲು ಮುಲಾಮು ಕಣಪ್ಪಾ" ಎಂದಳು ವಿಶಾಲಾಕ್ಷಮ್ಮ.

ಮನೆಯಲ್ಲಿ ಕರು ಕಟ್ಟುವ ಹಗ್ಗವೂ ಇಲ್ಲ. ಮಾವನೇಕೆ ಮುಲಾಮು ಕಳಿಸಿದ? ಅವನ ತಲೆ ಗೊಂದಲದ ಗೂಡಾಯಿತು. ಅದಕ್ಕೂ ವಿಶಾಲಾಕ್ಷಮ್ಮನಲ್ಲಿ ಉತ್ತರವಿತ್ತು. ಎದುರುಮನೆ ಈರಣ್ಣನ ಹಸು ಈದು ಎರಡು ದಿನವಾಗಿದೆ. ಮೊಲೆ ಒಡೆದು, ಕರೆಯಲು ಕೂತರೆ ಒದೆಯುತ್ತದೆ. ಡಬ್ಬಿ ಕೊಟ್ಟು ಗಿಣ್ಣುಹಾಲು ಇಸಕೊಂಡರೆ ಇಬ್ಬರಿಗೂ ಅನುಕೂಲ.

ಈರಣ್ಣ ಮುಚ್ಚಳ ಕೊಯ್ದು ಮೂಸಿ ಮುಖ ಸಿಂಡರಿಸಿದ. "ಈ ವಾಸ್ನೆ ನೋಡಿದ್ರೇ ಗೊತ್ತಾಯ್ತದೆ, ಖಡಕ್ ಔಷಧಿ" ಎಂದು ಒಂದು ಚೊಂಬು ಗಿಣ್ಣುಹಾಲು ಕೊಟ್ಟ.

ಮಧ್ಯಾಹ್ನವೆಲ್ಲ ಎಣ್ಣೆಯ ಮುಂದೆ ಕಳೆಯಿತು. ಒಬ್ಬರ ಮಾತು ಕೇಳಿ ಸೋಡಾ ಹಾಕಿದರೆ ಬಜ್ಜಿ ಎಣ್ಣೆ ಕುಡಿಯಿತು. ಇನ್ನೊಬ್ಬರ ಮಾತು ಕೇಳಿ ಉರಿ ಹೆಚ್ಚಿಸಿದರೆ ಕರಟಿತು. ಯಾರ ಮಾತು ಕೇಳಬೇಕೋ ತಿಳಿಯದೆ ಬಾಗಿಲು ಹಾಕಿಕೊಂಡು, ಅಕ್ಕಿಹಿಟ್ಟು ಬೆರೆಸಿ ಕರಿದ. ಈ ಸಲ ಮುರಿದರೆ ಸದ್ದು ಬಂತು. ಪಂಚಾಕ್ಷರಪ್ಪನಿಗೆ ಕಣ್ಣೀರೇ ಬಂತು. ಗಿಣ್ಣನ್ನು ಬೇಯಿಸಿ, ಬೆಳ್ಳುಳ್ಳಿ ಮೆಣಸು ಹಾಕಿ ಮಸೆದಿಟ್ಟ.

ನಾಲ್ಕಕ್ಕೆ ಮಲ್ಲಿಕಾಂಬ ಬಂದಳು. ಒಂದು ಬಜ್ಜಿ ಕಡಿದಳು. ಇನ್ನೊಂದು ಕಡಿದಳು. ಕೈಚೀಲವನ್ನು ಎತ್ತಿ ಗೂಟಕ್ಕೆ ನೇತುಹಾಕಿದಳು. ಅವನಿಗೆ ಹೋದ ಜೀವ ಬಂದಂತಾಯಿತು.

ಮೂರನೆಯದನ್ನು ಬಟ್ಟಲಿಗೆ ಅದ್ದಿ ಬಾಯಿಗಿಟ್ಟವಳು ಅಗಿಯುವುದನ್ನು ನಿಲ್ಲಿಸಿದಳು. "ಇದು ಗಿಣ್ಣಲ್ವೇನ್ರೀ? ನಿಮಗೆ ಚೀಸ್ ಎಲ್ಲಿ ಸಿಗುತ್ತೆ ಅಂತ ನಮ್ಮಣ್ಣನ್ನ ಕಾಡಿ ಬೇಡಿ ಬೆಂಗಳೂರಿಂದ ತರಿಸಿ, ಕಂಡಕ್ಟರ್ ಕೈಲಿ ಕಳ್ಸಿದ್ದೆನಲ್ಲ. ಡಬ್ಬಿ ಎಲ್ಲಿ?"

ಪಂಚಾಕ್ಷರಪ್ಪ ಒಂದು ಸುಳ್ಳಿಗಾಗಿ ತಡಕಾಡುತ್ತಿದ್ದಾಗಲೇ ಈರಣ್ಣ ಬಾಗಿಲಲ್ಲಿ ನಿಂತ. ಕೈಯಲ್ಲಿ ಬಳಿದು ಖಾಲಿ ಮಾಡಿದ ಡಬ್ಬಿ.

"ಮುಲಾಮು ಭಾರಿ ಚೆನ್ನಾಗೈತೆ ಕಣ್ರೀ. ಹಸ ಒದೆಯೋದು ಬಿಡ್ತು, ಕರ ಕೆಚ್ಚಲು ನೆಕ್ಕೋದು ಬಿಡ್ತಿಲ್ಲ. ಇನ್ನೊಂದು ಡಬ್ಬಿ ತರಿಸ್ಕೊಡಿ."

ಬಸ್ಸು ಇನ್ನೂ ಹೊರಟಿರಲಿಲ್ಲ. ಮಲ್ಲಿಕಾಂಬ ಗೂಟದಿಂದ ಚೀಲ ತೆಗೆದುಕೊಂಡಳು. ಬಜ್ಜಿಗಳನ್ನು ಒಂದೂ ಬಿಡದೆ ಅದರೊಳಗೆ ಸುರಿದುಕೊಂಡಳು.

ಬಟ್ಟಲೊಂದು ಉಳಿಯಿತು. ಸಂಜೆ ವಿಶಾಲಾಕ್ಷಮ್ಮ ಬಂದು ಅದಕ್ಕೆ ಬೆರಳದ್ದಿ ಚಪ್ಪರಿಸಿ, "ನಾ ಹೇಳ್ಲಿಲ್ವಾ? ಚೀಸ್ ಅಂದ್ರೆ ಇದೇ ಕಣಪ್ಪಾ" ಎಂದಳು.